ಎರಡು ಡಬ್ಬಿ ಕ್ರೀಮು, ಏಳು ವರ್ಷ ಹಳೆಯ ವಿಡಿಯೊ: ಅಂಗಡಿಯ ಕಾವಲು ವ್ಯವಸ್ಥೆ ಎಷ್ಟು ನಂಬಿಕಸ್ಥ?

2018ರ ಏಪ್ರಿಲ್ 25ರ ಬೆಳಿಗ್ಗೆ ಸ್ಪೇನಿನ ಓಕೆ ಡಿಯಾರಿಯೊ ಎಂಬ ಸುದ್ದಿತಾಣ ಒಂದು ಅಂಗಡಿ ಕ್ಯಾಮೆರಾದ ತುಣುಕನ್ನು ಹಾಕಿತು. ಮ್ಯಾಡ್ರಿಡ್ ಪ್ರಾಂತ್ಯದ ಅಧ್ಯಕ್ಷೆ ಕ್ರಿಸ್ಟಿನಾ ಸಿಫುಯೆಂತೆಸ್ ಒಳಕೋಣೆಯಲ್ಲಿ ಕಾವಲುಗಾರನ ಮುಂದೆ ನಿಂತು ಕೈಚೀಲದಿಂದ ಸಾಮಾನು ಹೊರತೆಗೆಯುವ ದೃಶ್ಯ ಅದು. ಸಾಮಾನೆಂದರೆ ಮುಖಕ್ಕೆ ಹಚ್ಚುವ ಎರಡು ಡಬ್ಬಿ ಕ್ರೀಮು, ಬೆಲೆ 40 ಯೂರೋ ಆಸುಪಾಸು. ಚಿತ್ರೀಕರಣವಾದದ್ದು 2011ರ ಮೇ ತಿಂಗಳಲ್ಲಿ, ಮ್ಯಾಡ್ರಿಡ್ ನಗರದ ವಯೇಕಾಸ್ ಭಾಗದ ಸೂಪರ್‌ಮಾರ್ಕೆಟ್ಟಿನಲ್ಲಿ. ಗೊತ್ತಾಗದೆ ಆದ ತಪ್ಪು, ಆಗಲೇ ದುಡ್ಡು ಕಟ್ಟಿದ್ದೇನೆ ಎಂದು ಅವರು ಉತ್ತರಿಸಿದರು. ಸ್ನಾತಕೋತ್ತರ ಪದವಿಯನ್ನು ಅಕ್ರಮವಾಗಿ ಪಡೆದರೆಂಬ ವಿವಾದದಲ್ಲಿ ವಾರಗಳಿಂದ ಸಿಕ್ಕಿಕೊಂಡಿದ್ದವರು ಅದೇ ದಿನ ರಾಜೀನಾಮೆಯನ್ನೂ ಕೊಟ್ಟರು.

ಅವರು ಮಾಡಿದ್ದು ಸರಿಯೇ ತಪ್ಪೇ ಎಂಬ ಚರ್ಚೆ ಬೇಕಾದಷ್ಟು ಆಗಿದೆ. ಇಲ್ಲಿ ತೂಗುತ್ತಿರುವುದು ಅಂಗಡಿಗಳು ಕೊಳ್ಳುವ ಕಾವಲು ವ್ಯವಸ್ಥೆಯನ್ನು: ಸರಕಿಗೆ ಅಂಟಿಸುವ ಟ್ಯಾಗು, ಅದು ಹಾದುಹೋದರೆ ಕೂಗುವ ಬಾಗಿಲ ಗೇಟು, ಕ್ಯಾಮೆರಾ.

ಟ್ಯಾಗು, ಗೇಟು ಒಳ್ಳೆಯ ಸಾಧನಗಳೇ, ಆದರೆ ಅವುಗಳ ಮಿತಿ ಗೊತ್ತಿರಬೇಕು. ತೆಳು ಸ್ಟಿಕ್ಕರಿನ ರೇಡಿಯೊ ಟ್ಯಾಗು 8.2 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಲೋಹದ ಮುಚ್ಚಳಕ್ಕೋ ಬೆಳ್ಳಿಹಾಳೆ ಹಾಸಿದ ಪೊಟ್ಟಣಕ್ಕೋ ಅಂಟಿಸಿದರೆ ಅದರ ಶ್ರುತಿ ತಪ್ಪಿ ಗೇಟಿಗೆ ಕಾಣುವುದೇ ಇಲ್ಲ. ಅಂಥ ಸರಕಿಗೆ 58 ಕಿಲೋಹರ್ಟ್ಸ್‌ನ ಟ್ಯಾಗು ಮೇಲು, ಅಗಲ ಬಾಗಿಲಿಗೂ ಅದೇ ಹೊಂದುತ್ತದೆ. ಕೌಂಟರಿನವರು ಅವಸರದಲ್ಲಿ ಟ್ಯಾಗನ್ನು ಸಾಯಿಸುವ ಪ್ಯಾಡಿನ ಮೇಲೆ ಸರಿಯಾಗಿ ಉಜ್ಜದಿದ್ದರೆ ದುಡ್ಡು ಕೊಟ್ಟವರ ಮೇಲೂ ಗೇಟು ಕೂಗುತ್ತದೆ. ಒಮ್ಮೆ ಸತ್ತ ರೇಡಿಯೊ ಟ್ಯಾಗು ಮಡಿಸಿದಾಗ ಮತ್ತೆ ಜೀವ ಪಡೆಯುವುದೂ ಉಂಟು. ದಿನಾ ಬಾಗಿಲು ತೆರೆಯುವ ಮುನ್ನ ಜೀವಂತ ಟ್ಯಾಗೊಂದನ್ನು ಪಾದ, ಸೊಂಟ, ಭುಜದ ಎತ್ತರದಲ್ಲಿ ಹಿಡಿದು, ಪ್ರತಿ ಎತ್ತರದಲ್ಲೂ ಅಡ್ಡ, ಉದ್ದ, ಮಲಗಿಸಿ ಹಾದು ನೋಡಬೇಕು. ಗೇಟು ಕೂಗಿತೆಂದರೆ ಟ್ಯಾಗು ಹಾದುಹೋಯಿತು ಎಂದಷ್ಟೇ ಅರ್ಥ. ಕಳ್ಳತನ ಎಂಬ ಮಾತು ಅದರ ಬಾಯಲ್ಲಿಲ್ಲ.

ಕ್ಯಾಮೆರಾ ಹಾಗಲ್ಲ, ನೋಡುವವರು ತಮಗೆ ಬೇಕಾದ ಅರ್ಥವನ್ನು ತಾವೇ ತುಂಬಿಕೊಳ್ಳುತ್ತಾರೆ. ಅಂಗಡಿ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಧ್ವನಿ ಇರುವುದಿಲ್ಲ. ಚೀಲದಿಂದ ಡಬ್ಬಿ ಹೊರಬರುವುದು ಕಾಣುತ್ತದೆ, ಅದು ಯಾವ ಮನಸ್ಸಿನಿಂದ ಒಳಹೋಯಿತು ಎನ್ನುವುದು ಕಾಣದು. ಅದಕ್ಕೇ ಕಪಾಟಿನ ಮುಂದಿನ ದೃಶ್ಯ, ಕೌಂಟರಿನ ದೃಶ್ಯ, ಬಾಗಿಲಿನ ದೃಶ್ಯ ಮೂರೂ ಒಂದೇ ಗಡಿಯಾರಕ್ಕೆ ಹೊಂದಿಕೊಂಡು ಸಿಗಬೇಕು. ರೆಕಾರ್ಡರಿನ ಸಮಯ ಬಿಲ್ಲಿನ ಯಂತ್ರಕ್ಕಿಂತ ನಾಲ್ಕು ನಿಮಿಷ ಹಿಂದೆ ಬಿದ್ದಿದ್ದರೆ, ದುಡ್ಡು ಕೊಟ್ಟ ಮೇಲೆ ಹೊರಟವರೂ ಕೊಡುವ ಮೊದಲೇ ಹೊರಟಂತೆ ತೋರುತ್ತದೆ. ಎರಡನ್ನೂ ಸರಿಯಾದ ಸಮಯ ಕೊಡುವ ಒಂದೇ ಸರ್ವರಿಗೆ ಜೋಡಿಸಿ, ತಿಂಗಳಿಗೊಮ್ಮೆಯಾದರೂ ತಾಳೆ ನೋಡಬೇಕು.

ಉಳಿಸಿಕೊಳ್ಳುವ ಅವಧಿಯ ವಿಷಯದಲ್ಲಿ ಲೆಕ್ಕ ಸುಲಭ. ಕ್ಯಾಮೆರಾವೊಂದು ಸೆಕೆಂಡಿಗೆ 4 ಮೆಗಾಬಿಟ್ ಬರೆದರೆ ದಿನಕ್ಕೆ ಸುಮಾರು 43 ಗಿಗಾಬೈಟ್, 30 ದಿನಕ್ಕೆ 1.3 ಟೆರಾಬೈಟ್. ಎಂಟು ಕ್ಯಾಮೆರಾಗೆ ಹತ್ತು ಟೆರಾಬೈಟಿಗಿಂತ ತುಸು ಹೆಚ್ಚು. ಡಿಸ್ಕು ತುಂಬಿದೊಡನೆ ಹಳೆಯದರ ಮೇಲೆ ಹೊಸದು ಬರೆಯುತ್ತದೆ, ಆದ್ದರಿಂದ ರೆಕಾರ್ಡರಿನೊಳಗೆ ಯಾವ ದೃಶ್ಯವೂ ಏಳು ವರ್ಷ ತಾನಾಗಿ ಉಳಿಯದು. ಯಾರೋ ತೆಗೆದು ಇಟ್ಟುಕೊಂಡರೆ ಮಾತ್ರ ಉಳಿಯುತ್ತದೆ. ಸ್ಪೇನಿನ ದತ್ತಾಂಶ ರಕ್ಷಣಾ ಸಂಸ್ಥೆ 2006ರಲ್ಲೇ ಹೊರಡಿಸಿದ ಸೂಚನೆಯಂತೆ ಇಂಥ ದೃಶ್ಯಗಳನ್ನು ಒಂದು ತಿಂಗಳೊಳಗೆ ಅಳಿಸಬೇಕಿತ್ತು. 2011ರಲ್ಲಿ 400 ಯೂರೋ ಮೀರದ ಕಳವು ಅಲ್ಲಿ ಸಣ್ಣ ಅಪರಾಧ, ಅದರ ಮೇಲೆ ಕ್ರಮ ಕೈಗೊಳ್ಳುವ ಗಡುವು ಆರು ತಿಂಗಳು. ಅಂದರೆ ಆ ತುಣುಕಿಗೆ ನ್ಯಾಯಾಲಯದ ಬಾಗಿಲು ಮುಚ್ಚಿ ವರ್ಷಗಳೇ ಕಳೆದಿದ್ದವು. ಗ್ರಾಹಕರ ವಿಷಯದಲ್ಲಿ ಒಂದು ಕಾವಲು ವ್ಯವಸ್ಥೆ ಇದಕ್ಕಿಂತ ಕೆಟ್ಟದಾಗಿ ಸೋಲಲಾರದು. ಅಧಿಕಾರದಲ್ಲಿರುವವರ ನಡತೆಯನ್ನು ಪತ್ರಿಕೆಗಳು ಪ್ರಶ್ನಿಸಲೇಬೇಕು, ಆದರೆ ತುಣುಕು ಇಷ್ಟು ದಿನ ಯಾರ ಕೈಯಲ್ಲಿತ್ತು ಎಂಬುದನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಕೇಳಬೇಕು.

ಸಿಫುಯೆಂತೆಸ್ ಅವರ ಉತ್ತರದಲ್ಲಿ ಒಂದು ಗಟ್ಟಿ ಅಂಶವಿತ್ತು: ವಸ್ತು ಚೀಲದಲ್ಲಿದ್ದುದನ್ನು ಅಲ್ಲಗಳೆಯಲಿಲ್ಲ. ಇಂಥ ಆರೋಪಕ್ಕೆ ಬಾಯಿಮಾತಿಗಿಂತ ಬಿಲ್ಲು ಬಲ. ಬಿಲ್ಲಿನ ಸಮಯ, ಅಂಗಡಿಯ ಘಟನೆ ಪುಸ್ತಕದ ನಮೂದು, ದೂರು ದಾಖಲಾಯಿತೋ ಇಲ್ಲವೋ ಎಂಬ ಬರಹ ಇಷ್ಟನ್ನು ಆ ದಿನವೇ ಕೇಳಿ ಪಡೆದವರಿಗೆ ವರ್ಷಗಳ ಮೇಲೂ ಕೈಯಲ್ಲಿ ಆಧಾರ ಇರುತ್ತದೆ.

ಹೊಸದಾಗಿ ರೆಕಾರ್ಡರು ಕೊಳ್ಳುವ ಅಂಗಡಿಯವರು ಕ್ಯಾಮೆರಾದ ಮೆಗಾಪಿಕ್ಸೆಲ್ಲಿಗಿಂತ ಮೊದಲು ನೋಡಬೇಕಾದ್ದು ದೃಶ್ಯ ನಕಲಿಸುವ ಪುಟ. ಪ್ರತಿ ಸಿಬ್ಬಂದಿಗೆ ಬೇರೆ ಲಾಗಿನ್ ಇರಬೇಕು. ಯಾರು, ಯಾವಾಗ, ಯಾವ ಕ್ಯಾಮೆರಾದಿಂದ, ಎಷ್ಟು ನಿಮಿಷ ನಕಲಿಸಿದರು ಎಂಬುದು ಅಳಿಸಲಾಗದಂತೆ ದಾಖಲಾಗಬೇಕು. ನಕಲಿನ ಮೇಲೆ ನೀರುಗುರುತು (ವಾಟರ್‌ಮಾರ್ಕ್) ಬೀಳಬೇಕು, ಯುಎಸ್‌ಬಿ ಕಿಂಡಿಗೆ ಬೀಗ ಹಾಕುವಂತಿರಬೇಕು. ಇಡೀ ಅಂಗಡಿಗೆ ಒಂದೇ ಪಾಸ್‌ವರ್ಡು ಇರುವ ಮಾದರಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ಇಷ್ಟೆಲ್ಲ ಇದ್ದರೂ ಪರದೆಯ ಮುಂದೆ ಮೊಬೈಲು ಹಿಡಿದು ಚಿತ್ರೀಕರಿಸುವವರನ್ನು ಯಾವ ಸಾಫ್ಟ್‌ವೇರೂ ತಡೆಯದು. ಆದ್ದರಿಂದ ಮಾನಿಟರು ಬೀಗ ಹಾಕಿದ ಕೋಣೆಯಲ್ಲಿರಲಿ, ಒಳಗೆ ಹೋಗುವವರ ಮೊಬೈಲು ಹೊರಗಿರಲಿ.