ಓಪನ್ ಅಂದ್ರೆ ಎಲ್ಲರೂ ಬಿಚ್ಚುತ್ತಾರೆ: ಎರಡು ತ್ರೀಡಿ ಪ್ರಿಂಟರ್, ಐದು ವರ್ಷದ ಬಳಕೆ

ನಮ್ಮ ಮೇಕರ್‌ಸ್ಪೇಸ್‌ನಲ್ಲಿ, ಅಂದರೆ ಸದಸ್ಯರು ಯಂತ್ರಗಳನ್ನು ಹಂಚಿಕೊಂಡು ಬಳಸುವ ವರ್ಕ್‌ಶಾಪ್‌ನಲ್ಲಿ, ಎರಡು ತ್ರೀಡಿ ಪ್ರಿಂಟರ್ ಇವೆ. ಪ್ಲಾಸ್ಟಿಕ್ ಎಳೆ ಕರಗಿಸಿ, ಪದರದ ಮೇಲೆ ಪದರ ಹಾಕಿ ವಸ್ತು ಮಾಡುವ ಯಂತ್ರಗಳು. ಒಂದಕ್ಕೆ ಕಂಪನಿಯವರೇ, ಒಳಗಿನದನ್ನು ಯಾರೂ ಬದಲಿಸಲಾಗದಂತೆ, ಬೀಗ ಹಾಕಿ ಕೊಟ್ಟಿದ್ದಾರೆ. ಇನ್ನೊಂದು ಓಪನ್ ಸೋರ್ಸ್ (ವಿನ್ಯಾಸ ಎಲ್ಲರಿಗೂ ಮುಕ್ತ), ಕಿಟ್ ತಂದು ನಾವೇ ಜೋಡಿಸಿದ್ದು. ಸ್ಪೆಸಿಫಿಕೇಶನ್ ಮಾತು ಬಿಡಿ. ಹತ್ತಾರು ಜನ ಬಳಸುವ ಜಾಗದಲ್ಲಿ ಇವೆರಡೂ ಹೇಗೆ ಬಾಳಿದವು ಅನ್ನೋದಷ್ಟೇ ನನ್ನ ಕಥೆ.

ಬೀಗದ ಪ್ರಿಂಟರ್ ಮೊದಲ ಎರಡು ವರ್ಷ ಎಲ್ಲರಿಗೂ ಅಚ್ಚುಮೆಚ್ಚು. ಬಟನ್ ಒತ್ತಿದರೆ ಆಯ್ತು. ಹೊಸಬರೂ ಮೊದಲ ದಿನವೇ ಏನಾದರೂ ಮಾಡಿಕೊಂಡು ಮನೆಗೆ ಹೋಗುತ್ತಿದ್ದರು. ತಕರಾರು ಇದ್ದದ್ದು ಅದರ ಕಾರ್ಟ್ರಿಡ್ಜ್‌ನಲ್ಲಿ, ಅಂದರೆ ಪ್ಲಾಸ್ಟಿಕ್ ಎಳೆಯ ಸುರುಳಿ ಇರುವ ಡಬ್ಬಿಯಲ್ಲಿ. ಒಳಗೊಂದು ಚಿಪ್ ಕೂತು, ಎಷ್ಟು ಪ್ಲಾಸ್ಟಿಕ್ ಹೋಯಿತು ಅಂತ ಲೆಕ್ಕ ಇಡುತ್ತದೆ. ಲೆಕ್ಕ ಮುಗಿಯಿತೋ, ಸುರುಳಿಯಲ್ಲಿ ಎಳೆ ಉಳಿದಿರುವುದು ಕಣ್ಣಿಗೆ ಕಾಣುತ್ತಿದ್ದರೂ ‘ಖಾಲಿ’ ಅನ್ನುತ್ತದೆ. ಬೇರೆ ಕಂಪನಿಯ ಫಿಲಮೆಂಟ್ (ಅದೇ ಪ್ಲಾಸ್ಟಿಕ್ ಎಳೆ) ಹಾಕಿದರೆ ಮೂಸಿಯೂ ನೋಡುವುದಿಲ್ಲ. ನಮ್ಮದು ಸದಸ್ಯರ ತಿಂಗಳ ಚಂದಾದಲ್ಲಿ ನಡೆಯುವ ಜಾಗ, ಹೊಟ್ಟೆ ಉರಿಯದೇ ಇರುತ್ತಾ? ಆಮೇಲೆ ಕಂಪನಿ ಆ ಮಾಡೆಲನ್ನೇ ನಿಲ್ಲಿಸಿತು. ಕಾರ್ಟ್ರಿಡ್ಜ್ ಬರುವುದೂ ನಿಂತಿತು. ಮೋಟಾರ್, ಹೀಟರ್ ಎಲ್ಲವೂ ಗಟ್ಟಿಯಾಗಿರುವ ಆ ಯಂತ್ರದ ನೆತ್ತಿಯ ಮೇಲೆ ಈಗ ಸ್ಕ್ರೂ ಡಬ್ಬಿಗಳನ್ನು ಇಡುತ್ತೇವೆ.

ಇನ್ನೊಂದು ರೆಪ್‌ರ್ಯಾಪ್ ವಂಶದ್ದು. ತನ್ನ ಭಾಗಗಳನ್ನು ತಾನೇ ಮಾಡಿಕೊಳ್ಳುವ ಪ್ರಿಂಟರ್ ಬೇಕು ಅಂತ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೌಯರ್ 2005ರಲ್ಲಿ ಶುರು ಮಾಡಿದ ಯೋಜನೆ ಅದು. ಸುಮ್ನೆ ಜಂಬದ ಮಾತು ಅಂದುಕೊಂಡಿದ್ದೆ. ಒಂದು ದಿನ ಎಕ್ಸ್‌ಟ್ರೂಡರ್‌ನ (ಎಳೆಯನ್ನು ಒಳಕ್ಕೆ ತಳ್ಳುವ ಭಾಗ) ಪ್ಲಾಸ್ಟಿಕ್ ಹಿಡಿಕೆಯಲ್ಲಿ ಬಿರುಕು ಕಾಣಿಸಿತು. ಪೂರ್ತಿ ಮುರಿಯುವ ಮೊದಲು ಫೈಲ್ ಇಳಿಸಿಕೊಂಡು, ಅದೇ ಬಿರುಕು ಬಿಟ್ಟ ಎಕ್ಸ್‌ಟ್ರೂಡರ್‌ನಲ್ಲೇ ಬದಲಿ ಹಿಡಿಕೆ ಪ್ರಿಂಟ್ ಮಾಡಿದೆವು. ಮುಗಿಯುವವರೆಗೂ ಯಾರೂ ಆ ಮೇಜಿಗೆ ಒರಗಲಿಲ್ಲ.

ದಿನಾ ಮೊದಲು ಬಂದವರು ಅದರ ಬೆಡ್ (ವಸ್ತು ಮೂಡುವ ತಟ್ಟೆ) ಅನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸುತ್ತಾರೆ. ಮೊದಲ ಪದರ ಬೀಳುವಾಗ ನಾನು ಮೊಣಕಾಲೂರಿ ಕೂತು ಪಕ್ಕದಿಂದ ನೋಡುತ್ತೇನೆ. ಎಳೆ ಕೊಂಚ ಚಪ್ಪಟೆಯಾಗಿ ಅಂಟಿದರೆ ಸರಿ. ದುಂಡಗೆ ಕೂತರೆ ನಾಝಲ್ (ಕರಗಿದ ಪ್ಲಾಸ್ಟಿಕ್ ಹೊರಬರುವ ಮೂತಿ) ತೀರಾ ಮೇಲಿದೆ ಅಂತ ಅರ್ಥ. ಇದನ್ನು ನೋಡದೆ ನನಗೆ ಬೇರೆ ಕೆಲಸಕ್ಕೆ ಕೈ ಹೋಗುವುದಿಲ್ಲ.

ಇಷ್ಟೆಲ್ಲ ಹೊಗಳಿ ಆಯ್ತಲ್ಲ, ಈಗ ಬೈಯುತ್ತೇನೆ. ಒಂದು ಭಾನುವಾರ ಮಕ್ಕಳ ತರಗತಿ. ಎಂಟು ಪುಟ್ಟ ಡಬ್ಬಿ, ಎಂಟು ಮುಚ್ಚಳ. ಒಂದು ಮುಚ್ಚಳವೂ ಕೂರಲಿಲ್ಲ. ಫಿಲಮೆಂಟ್ ಮೇಲೆ ಎಕ್ಸ್‌ಟ್ರೂಡರ್‌ನಿಂದ 120 ಮಿಲಿಮೀಟರ್ ದೂರಕ್ಕೆ ಗುರುತು ಹಾಕಿ, 100 ಎಳೆದುಕೋ ಅಂದೆ. 20 ಉಳಿಯಬೇಕಿತ್ತು, 11 ಉಳಿಯಿತು. ಯಂತ್ರ ಪ್ಲಾಸ್ಟಿಕ್ ಜಾಸ್ತಿ ಸುರಿಯುತ್ತಿತ್ತು. ಹಿಂದಿನ ರಾತ್ರಿ ಸದಸ್ಯನೊಬ್ಬ ತನ್ನ ರಬ್ಬರಿನಂಥ ಟಿಪಿಯು ಎಳೆಗೆ ಹೊಂದಲಿ ಅಂತ ಎಕ್ಸ್‌ಟ್ರೂಡರ್‌ನ ಸ್ಟೆಪ್ ಸಂಖ್ಯೆಯನ್ನೇ (ಒಂದು ಮಿಲಿಮೀಟರ್ ಎಳೆಗೆ ಮೋಟಾರ್ ಎಷ್ಟು ಹೆಜ್ಜೆ ತಿರುಗಬೇಕೆಂಬ ಲೆಕ್ಕ) ತಿದ್ದಿ, ಎಂ500 ಕಮಾಂಡ್ ಕೊಟ್ಟು ಯಂತ್ರದಲ್ಲೇ ಸೇವ್ ಮಾಡಿ ಹೋಗಿದ್ದ! ಸ್ಲೈಸರ್‌ನಲ್ಲಿ (ವಿನ್ಯಾಸವನ್ನು ಪದರಗಳಾಗಿ ಸೀಳಿ ಪ್ರಿಂಟರ್‌ಗೆ ಆದೇಶ ಬರೆಯುವ ಸಾಫ್ಟ್‌ವೇರ್) ಫ್ಲೋ, ಅಂದರೆ ಪ್ಲಾಸ್ಟಿಕ್ ಸುರಿಯುವ ಪ್ರಮಾಣ, ಬದಲಿಸಿದ್ದರೆ ಅವನ ಪ್ರಿಂಟಿಗಷ್ಟೇ ತಗಲುತ್ತಿತ್ತು. ಮಕ್ಕಳು ಮುಚ್ಚಳವಿಲ್ಲದ ಡಬ್ಬಿ ಹಿಡಿದು ಹೋದರು. ಬೀಗದ ಪ್ರಿಂಟರ್‌ನಲ್ಲಿ ಇದು ಆಗುತ್ತಲೇ ಇರಲಿಲ್ಲ ಅಂತ ಒಪ್ಪಿಕೊಳ್ಳಲು ನನಗೆ ಒಂದು ವಾರ ಬೇಕಾಯಿತು.

ಆದರೆ ಸರಿ ಮಾಡಲು ಬೇಕಾದದ್ದು ಹತ್ತು ನಿಮಿಷ. ಎಂ503 ಅಂತ ಕೊಟ್ಟರೆ ಎಲ್ಲ ಸೆಟ್ಟಿಂಗ್ ಕಣ್ಣೆದುರು ಬರುತ್ತವೆ. ಅವನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದು, ಪೆನ್ನಿನ ಸಮೇತ ಪ್ರಿಂಟರ್‌ಗೆ ದಾರ ಕಟ್ಟಿ ನೇತುಹಾಕಿದೆವು. ಏನಾದರೂ ಮುಟ್ಟಿದರೆ ಹೆಸರು, ತಾರೀಖು ಬರೆಯಬೇಕು.

ಈಗ ಲೇಸರ್ ಕಟರ್ ಕೊಳ್ಳುವ ಮಾತು ನಡೆದಿದೆ. ನನ್ನ ಓಟು ಅರ್ಧರ್ಧ. ಸಾಫ್ಟ್‌ವೇರ್ ಮನೆಯಲ್ಲೂ ಪುಕ್ಕಟೆ ಹಾಕಿಕೊಳ್ಳುವಂಥದ್ದಿರಲಿ, ಚಿತ್ರವನ್ನು ಇಂಕ್‌ಸ್ಕೇಪ್ ಅನ್ನುವ ಪುಕ್ಕಟೆ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಮನೆಯಲ್ಲೇ ಬಿಡಿಸಿ ತರಬಹುದು. ಪೆಟ್ಟಿಗೆ ಮಾತ್ರ ಯಾರೂ ಬಿಚ್ಚಲಾಗದಂತಿರಲಿ. ಅದರೊಳಗಿನ ಕಾರ್ಬನ್ ಡೈಆಕ್ಸೈಡ್ ಲೇಸರ್‌ನ ಕಿರಣ ಕಣ್ಣಿಗೆ ಕಾಣುವುದಿಲ್ಲ. ಮುಚ್ಚಳ ತೆಗೆದೊಡನೆ ಅದನ್ನು ನಿಲ್ಲಿಸುವ ಸ್ವಿಚ್ಚಿನ ಮೇಲೆ ಯಾರ ಜಾಣತನವೂ ಬೇಡ.

ಮೊನ್ನೆ ನೋಟ್‌ಬುಕ್ ತೆಗೆದು ನೋಡಿದೆ. ಕೊನೆಯ ಸಾಲು ಅದೇ ಟಿಪಿಯು ಮಹಾಶಯನದು: “ಏನೂ ಸೇವ್ ಮಾಡಿಲ್ಲ, ಆಣೆ.”