28 ಲೀಟರ್ ಓಟಿಜಿಯಲ್ಲಿ ಮನೆ ಕೇಕ್: ನಾಲ್ಕು ವರ್ಷ ಬಳಸಿದ ಮೇಲೆ

ಓಟಿಜಿ ಅಂದರೆ ಓವನ್-ಟೋಸ್ಟರ್-ಗ್ರಿಲ್, ಕರೆಂಟಿನ ಸಣ್ಣ ಒಲೆ. ಇದು 28 ಲೀಟರಿನದು, 1500 ವಾಟ್, ಮೇಲೆ ಕಾಯುವ ಎರಡು ರಾಡ್, ಕೆಳಗೆ ಎರಡು ರಾಡ್, ಬಲಗೋಡೆಯಲ್ಲಿ ಒಂದು ಫ್ಯಾನ್. ಮುಂದೆ ಮೂರು ಗುಂಡಿ: ಉಷ್ಣತೆಗೆ ಒಂದು, ಯಾವ ರಾಡ್ ಕಾಯಬೇಕು ಅನ್ನುವುದಕ್ಕೆ ಒಂದು, 60 ನಿಮಿಷದ ಟೈಮರ್‌ಗೆ ಒಂದು. ಈ ದರ್ಜೆಯ ಓಟಿಜಿಗಳು ಯಾವ ಕಂಪನಿಯದಾದರೂ ಒಳಗೆ ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ಇಲ್ಲಿ ಹೆಸರು ಬರೆದಿಲ್ಲ. ಬಳಕೆ ವಾರಕ್ಕೆ ಒಂದೆರಡು ಸಲ, ಬಹುಪಾಲು ಕೇಕ್ ಮತ್ತು ಪುಡ್ಡಿಂಗ್‌ಗೆ.

ಮನೆ ಕೇಕ್‌ಗೆ ಇದು ಒಳ್ಳೆಯ ಒಲೆ. ಆದರೆ ಗುಂಡಿಯ ಮೇಲೆ ಬರೆದಿರುವ ಡಿಗ್ರಿ ನಂಬುವಂಥದ್ದಲ್ಲ. ಮನೆಯಲ್ಲಿ ಕೇಕ್ ಕೆಟ್ಟಿತು ಎಂದು ಬೇಕಿಂಗ್ ಪೌಡರನ್ನೋ ಮೊಟ್ಟೆಯನ್ನೋ ದೂರುವವರಲ್ಲಿ ಅನೇಕರ ತೊಂದರೆ ಇರುವುದು ಆ ಗುಂಡಿಯಲ್ಲೇ.

ಮೊದಲು ಕರೆಂಟಿನ ವಿಷಯ. 1500 ವಾಟ್ ಅಂದರೆ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್. ಮಿಕ್ಸಿ ಹಾಕುವ 6 ಆಂಪಿಯರ್ ಸಾಕೆಟ್ ಇದಕ್ಕೆ ಸಾಲದು, ಪ್ಲಗ್ ಬಿಸಿಯಾಗಿ ಕರಗಬಹುದು. ಗೀಸರ್‌ಗೆ ಕೊಡುವಂಥ 16 ಆಂಪಿಯರ್ ಪಾಯಿಂಟ್ ಬೇಕು, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಸಾಧಾರಣ ಮನೆ ಇನ್ವರ್ಟರ್ ಮೇಲೆ ಓಡುವುದಿಲ್ಲ. ವೋಲ್ಟೇಜ್ ಇಳಿದರೆ ಕಾವು ಅದಕ್ಕಿಂತ ಹೆಚ್ಚು ಇಳಿಯುತ್ತದೆ: 200 ವೋಲ್ಟಿನಲ್ಲಿ ಇದೇ ರಾಡುಗಳು ಕೊಡುವುದು ಸುಮಾರು 1130 ವಾಟ್ ಮಾತ್ರ. ಸಂಜೆ ಹೊತ್ತು ಲೈಟು ಮಂಕಾಗುವ ಊರುಗಳಲ್ಲಿ ಕೇಕನ್ನು ಬೆಳಿಗ್ಗೆ ಬೇಯಿಸಿಕೊಳ್ಳುವುದು ವಾಸಿ. ಖರ್ಚು ಹೆಚ್ಚೇನಿಲ್ಲ. ಕಾಯಿಸುವ ಹೊತ್ತೂ ಸೇರಿ ಒಂದು ಕೇಕ್‌ಗೆ ಒಂದು ಯೂನಿಟ್‌ಗಿಂತ ತುಸು ಕಡಿಮೆ, ಏಕೆಂದರೆ ಕಾದ ಮೇಲೆ ರಾಡುಗಳು ಅರ್ಧ ಹೊತ್ತು ಆರಿಯೇ ಇರುತ್ತವೆ.

ಆ ಆರುವುದು, ಹತ್ತುವುದೇ ಮುಖ್ಯ ಸಂಗತಿ. ಇದರಲ್ಲಿರುವುದು ಎರಡು ಲೋಹದ ಪಟ್ಟಿ ಬಾಗಿ ಸ್ವಿಚ್ ಕಡಿಯುವ ಸರಳ ಥರ್ಮೋಸ್ಟಾಟ್. ಗುಂಡಿಯನ್ನು 180ಕ್ಕೆ ಇಟ್ಟರೆ ಒಳಗಿನ ಕಾವು 180ರಲ್ಲಿ ನಿಲ್ಲದೆ ಏರುತ್ತ ಇಳಿಯುತ್ತ ಇರುತ್ತದೆ. ಹೊಸದರಲ್ಲಿ 165ರಿಂದ 195ರವರೆಗೆ ಓಡಾಡುತ್ತಿತ್ತು. ಈಗ ಅದೇ 180ರಲ್ಲಿ 180ರಿಂದ 210. ಅಂದರೆ ನಾಲ್ಕು ವರ್ಷದಲ್ಲಿ 15 ಡಿಗ್ರಿ ಮೇಲಕ್ಕೆ ಸರಿದಿದೆ, ಹಾಗಾಗಿ ಈಗ ಗುಂಡಿಯನ್ನು 165ಕ್ಕೆ ಇಟ್ಟು ಬೇಯಿಸಬೇಕು. ಕೆಲವು ನೂರು ರೂಪಾಯಿಗೆ ಸಿಗುವ ಓವನ್ ಥರ್ಮಾಮೀಟರನ್ನು ನಡು ಜಾಲರಿಗೆ ನೇತುಹಾಕಿ, ಅರ್ಧ ಗಂಟೆ ಬಿಟ್ಟು, ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿ ಗುರುತು ಹಾಕಿಕೊಂಡು ಸರಾಸರಿ ತೆಗೆಯಿರಿ. ಆರು ತಿಂಗಳಿಗೊಮ್ಮೆ ಇದನ್ನು ಮತ್ತೆ ಮಾಡಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಸಕ್ಕರೆಯೇ ಸಾಕ್ಷಿ: ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ. ಚೆನ್ನಾಗಿ ಕಾದ ಓವನ್ನಿನಲ್ಲಿ ಒಂದು ಚಮಚ ಸಕ್ಕರೆಯನ್ನು ಫಾಯಿಲ್ ಮೇಲಿಟ್ಟು 15 ನಿಮಿಷ ಬಿಡಿ. ಗುಂಡಿ 175ರಲ್ಲಿದ್ದೂ ಸಕ್ಕರೆ ಕರಗಿದರೆ ನಿಮ್ಮದು ಹೆಚ್ಚು ಕಾಯುತ್ತದೆ, 190ರಲ್ಲಿದ್ದೂ ಕರಗದಿದ್ದರೆ ಕಡಿಮೆ. ಮುಂದೆ ಹೇಳುವ ಡಿಗ್ರಿಗಳೆಲ್ಲ ಥರ್ಮಾಮೀಟರಿನವು, ಗುಂಡಿಯವಲ್ಲ.

ಏರಿಳಿತ ಕಡಿಮೆ ಮಾಡಲು ತುಂಬ ಉಪಯೋಗಕ್ಕೆ ಬಂದದ್ದು ಹಿಡಿಯಿಲ್ಲದ ಕಬ್ಬಿಣದ ದೋಸೆ ಕಾವಲಿ. ಅದನ್ನು ಅತಿ ಕೆಳಗಿನ ಖಾನೆಯ ಜಾಲರಿ ಮೇಲೆ ಇಟ್ಟು ಓವನ್ ಕಾಯಿಸಬೇಕು. ದಪ್ಪ ಕಬ್ಬಿಣ ಕಾವು ಹಿಡಿದಿಟ್ಟುಕೊಳ್ಳುತ್ತದೆ, ರಾಡ್ ಆರಿದಾಗ ಬಿಟ್ಟುಕೊಡುತ್ತದೆ. ಕೆಂಪಗೆ ಕಾದ ರಾಡಿನ ನೇರ ಝಳ ಟಿನ್ನಿನ ತಳಕ್ಕೆ ತಾಗದಂತೆ ಅಡ್ಡವೂ ಆಗುತ್ತದೆ. ಬಾಗಿಲು ತೆಗೆದು ಮುಚ್ಚಿದಾಗ ಕಾವು ಬೇಗ ಮರಳುತ್ತದೆ. ಪೂರ್ತಿ ಕಾಯಲು ಮಾತ್ರ 12 ನಿಮಿಷದ ಬದಲು 20–22 ನಿಮಿಷ ಬೇಕು. ಕಾವಲಿಯ ಸುತ್ತ ಗಾಳಿ ಆಡಲು ಎರಡು ಬೆರಳಿನಷ್ಟು ಜಾಗ ಬಿಡಬೇಕು. ಫಾಯಿಲನ್ನು ಓವನ್ನಿನ ತಳಕ್ಕೆ ಹಾಸುವ ಅಭ್ಯಾಸ ಇದ್ದರೆ ಬಿಡಿ, ಕೆಳಗಿನ ರಾಡಿನ ಕಾವೆಲ್ಲ ಅಲ್ಲೇ ತಿರುಗಿ ರಾಡ್ ಬೇಗ ಹಾಳಾಗುತ್ತದೆ.

ಇಂಥ ಸಣ್ಣ ಓವನ್ನಿನಲ್ಲಿ ಕೇಕಿನ ತಲೆ ಮೇಲಿನ ರಾಡಿಗೆ ತೀರ ಹತ್ತಿರ. ಮೇಲ್ಮೈ ಬೇಗ ಗಟ್ಟಿಯಾಗಿ, ಒಳಗಿನ ಹಿಟ್ಟು ಆಮೇಲೆ ಉಬ್ಬಿ, ಅದನ್ನು ಸೀಳಿಕೊಂಡು ಹೊರಬರುತ್ತದೆ. ನಡುವೆ ಗೋಪುರ, ಅದರ ಮೇಲೆ ಬಿರುಕು. ಜಾಲರಿಯನ್ನು ಒಂದು ಖಾನೆ ಕೆಳಗಿಳಿಸಿ, ಮೊದಲ 20 ನಿಮಿಷ ಕೆಳಗಿನ ರಾಡ್ ಮಾತ್ರ, ಆಮೇಲೆ ಎರಡೂ. ಅಂಚು ಕಂದಿದ್ದು ನಡುವೆ ಹಸಿ ಇದ್ದರೆ ಫಾಯಿಲ್ ಹಾಳೆಯನ್ನು ಸಡಿಲವಾಗಿ ಟಿನ್ನಿನ ಮೇಲೆ ಮುಚ್ಚಿ, ಅದು ರಾಡಿಗೆ ತಾಗಬಾರದು. ಕಪ್ಪು ನಾನ್‌ಸ್ಟಿಕ್ ಟಿನ್ ಹೊಳೆಯುವ ಅಲ್ಯೂಮಿನಿಯಂಗಿಂತ ಹೆಚ್ಚು ಕಾವು ಎಳೆದುಕೊಳ್ಳುತ್ತದೆ, 10 ಡಿಗ್ರಿ ಇಳಿಸಿ. ಫ್ಯಾನ್ ಹಾಕಿದರೆ 15–20 ಡಿಗ್ರಿ ಇಳಿಸಬೇಕು. ಹಾಗೆ ಇಳಿಸಿದರೂ ತೆಳ್ಳನೆಯ ಸ್ಪಾಂಜ್ ಹಿಟ್ಟು ಫ್ಯಾನಿನ ಕಡೆ ಒಣಗುತ್ತದೆ. ಬಿಸ್ಕತ್ತಿಗೆ ಫ್ಯಾನ್ ಸರಿ, ಕೇಕ್‌ಗೆ ಬೇಡ.

ಕೇಕ್ ನಡುವೆ ಕುಸಿಯುವುದಕ್ಕೆ ಮೂರು ಕಾರಣ ಕಂಡಿವೆ. ಮೊದಲ 25 ನಿಮಿಷದೊಳಗೆ ಬಾಗಿಲು ತೆಗೆದದ್ದು, ಸೋಡಾ ಹೆಚ್ಚಾದದ್ದು, ಕಡ್ಡಿ ಚುಚ್ಚಿ ನೋಡಿದ ಜಾಗ ಅಂಚಿನಲ್ಲಿದ್ದು ನಡುವೆ ಬೆಂದಿರದೇ ಇದ್ದದ್ದು. ನಡುವೆ ಕರೆಂಟ್ ಹೋದರೆ ಬಾಗಿಲು ಮುಟ್ಟಬೇಡಿ. ಕಾವಲಿ ಇದ್ದರೆ ಹತ್ತು ನಿಮಿಷ ನಿಭಾಯಿಸುತ್ತದೆ.

ಇದರಲ್ಲಿ ತುಂಬ ಚೆನ್ನಾಗಿ ಬರುವುದು ಬೆಂಗಳೂರಿನ ಅಯ್ಯಂಗಾರ್ ಬೇಕರಿ ಥರದ ಹನಿ ಕೇಕ್. ಅದಕ್ಕೆ ಬೇಕಾದ ಸ್ಪಾಂಜ್ ತೆಳು, ಬೇಗ ಬೇಯುತ್ತದೆ, ಏರಿಳಿತಕ್ಕೆ ಸಿಕ್ಕಿಕೊಳ್ಳುವ ಮೊದಲೇ ಹೊರಬರುತ್ತದೆ. 7 ಇಂಚಿನ ಚೌಕ ಟಿನ್ನಿಗೆ 3 ಮೊಟ್ಟೆ, 90 ಗ್ರಾಂ ಸಕ್ಕರೆ, 90 ಗ್ರಾಂ ಮೈದಾ, ಅರ್ಧ ಟೀ ಚಮಚ ಬೇಕಿಂಗ್ ಪೌಡರ್, ಎರಡು ದೊಡ್ಡ ಚಮಚ ಎಣ್ಣೆ. ಮೊಟ್ಟೆ ಫ್ರಿಜ್ಜಿನಿಂದ ತೆಗೆದು ಒಂದು ಗಂಟೆ ಆಗಿರಲಿ. ಮೊಟ್ಟೆ ಮತ್ತು ಸಕ್ಕರೆಯನ್ನು ಹ್ಯಾಂಡ್ ಬೀಟರಿನಲ್ಲಿ 8–10 ನಿಮಿಷ ಕಡೆಯಬೇಕು. ಬೀಟರ್ ಎತ್ತಿದಾಗ ಬಿದ್ದ ಎಳೆ ಮೇಲೆಯೇ ಮೂರ್ನಾಲ್ಕು ಸೆಕೆಂಡ್ ಉಳಿದರೆ ಹದ ಬಂತು. ಜರಡಿ ಹಿಡಿದ ಮೈದಾವನ್ನು ಮೂರು ಸಲಕ್ಕೆ ಹಾಕಿ, ಚಪ್ಪಟೆ ಸೌಟಿನಿಂದ ತಳದಿಂದ ಮೇಲಕ್ಕೆ ಮಗುಚಿ. ಗಿರಗಿರ ತಿರುಗಿಸಿದರೆ ತುಂಬಿದ ಗಾಳಿ ಹೋಗಿ ತಳದಲ್ಲಿ ರಬ್ಬರಿನಂಥ ಪದರ ನಿಲ್ಲುತ್ತದೆ. ಎಣ್ಣೆಯನ್ನು ಒಂದು ಸೌಟು ಹಿಟ್ಟಿನಲ್ಲಿ ಮೊದಲು ಕಲಸಿ ಆಮೇಲೆ ಸೇರಿಸಬೇಕು, ನೇರವಾಗಿ ಸುರಿದರೆ ಅದು ತಳಕ್ಕೆ ಇಳಿಯುತ್ತದೆ. 172–175 ಡಿಗ್ರಿ, 22 ನಿಮಿಷ. ಬೆರಳಿನಿಂದ ಒತ್ತಿದಾಗ ಗುಳಿ ತುಂಬಿಕೊಳ್ಳಬೇಕು.

ಪಾಕಕ್ಕೆ 150 ಮಿಲಿ ನೀರು, 60 ಗ್ರಾಂ ಸಕ್ಕರೆ. ಸಕ್ಕರೆ ಕರಗಿದರೆ ಸಾಕು, ಎಳೆ ಪಾಕ ಬೇಡ. ಒಲೆಯಿಂದ ಇಳಿಸಿ ಉಗುರು ಬೆಚ್ಚಗಾದ ಮೇಲೆ ಎರಡು ದೊಡ್ಡ ಚಮಚ ಜೇನು ಹಾಕಿ, ಕುದಿಸಿದರೆ ಜೇನಿನ ಘಮ ಹೋಗುತ್ತದೆ. ಕೇಕ್ ಪೂರ್ತಿ ಆರಿರಬೇಕು, ಪಾಕ ಬೆಚ್ಚಗಿರಬೇಕು. ಎರಡೂ ಬಿಸಿ ಇದ್ದರೆ ಕೇಕ್ ಮುದ್ದೆಯಾಗುತ್ತದೆ. ಫೋರ್ಕಿನಿಂದ ಚುಚ್ಚಿ, ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ, ಹತ್ತು ನಿಮಿಷ ಬಿಟ್ಟು ಉಳಿದದ್ದು ಹಾಕಿ. ಮಿಕ್ಸೆಡ್ ಫ್ರೂಟ್ ಜಾಮ್ ಅರ್ಧ ಕಪ್‌ಗೆ ಒಂದು ದೊಡ್ಡ ಚಮಚ ನೀರು ಸೇರಿಸಿ ಬೆಚ್ಚಗೆ ಮಾಡಿ ಬಳಿದು, ಒಣ ಕೊಬ್ಬರಿ ಪುಡಿ ಉದುರಿಸಿ. ಮೂರು ಗಂಟೆ ಮುಚ್ಚಿಟ್ಟು ಕತ್ತರಿಸಿದರೆ ಒಳಗೂ ಒಂದೇ ಸಮ ನೆನೆದಿರುತ್ತದೆ. ಹೊರಗೆ ಒಂದು ದಿನ, ಫ್ರಿಜ್ಜಿನಲ್ಲಿ ಮೂರು ದಿನ.

ಮೊಟ್ಟೆ ತಿನ್ನದ ಮನೆಗಳಿಗೆ ನಂಬಬಹುದಾದದ್ದು ನೀರು-ವಿನೆಗರ್ ಚಾಕೊಲೇಟ್ ಕೇಕ್. 8 ಇಂಚಿನ ಟಿನ್ನಿಗೆ ಮೈದಾ 190 ಗ್ರಾಂ, ಸಕ್ಕರೆ 200 ಗ್ರಾಂ, ಕೋಕೋ 25 ಗ್ರಾಂ, ಅಡುಗೆ ಸೋಡಾ ಒಂದು ಟೀ ಚಮಚ ತಲೆಸಮ, ಉಪ್ಪು ಅರ್ಧ ಟೀ ಚಮಚ. ನೀರು 240 ಮಿಲಿ, ಎಣ್ಣೆ 80 ಮಿಲಿ, ವಿನೆಗರ್ ಒಂದು ದೊಡ್ಡ ಚಮಚ, ವೆನಿಲಾ ಒಂದು ಟೀ ಚಮಚ. ಒಣದ್ದು ಬೇರೆ, ದ್ರವ ಬೇರೆ, ಕೊನೆಗೆ ಕೂಡಿಸುವುದು. ಕೂಡಿಸಿದ ಕ್ಷಣದಿಂದ ಗುಳ್ಳೆ ಏಳಲು ಶುರು. ಆಗ ಓವನ್ ಕಾದಿರದಿದ್ದರೆ ಆ ಗಾಳಿಯೆಲ್ಲ ಹೊರಗೇ ಹೋಗಿ ಕೇಕ್ ಹಲ್ವದಂತೆ ಕೂರುತ್ತದೆ. 175 ಡಿಗ್ರಿ, 32–35 ನಿಮಿಷ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಬಟರ್ ಪೇಪರಿಗೆ ಸಿಲಿಕೋನ್ ಲೇಪ ಇರುವುದಿಲ್ಲ, ಎಣ್ಣೆ ಸವರದೆ ಹಾಕಿದರೆ ಕೇಕಿನ ತಳ ಅದರ ಜೊತೆಗೇ ಕಿತ್ತು ಬರುತ್ತದೆ.

ಥರ್ಮೋಸ್ಟಾಟಿನ ದೋಷ ಪೂರ್ತಿ ಮರೆಯಾಗುವುದು ಬಿಸಿನೀರಿನಲ್ಲಿಟ್ಟು ಬೇಯಿಸುವ ಸಿಹಿಗಳಲ್ಲಿ. ಓವನ್ ಎಷ್ಟೇ ಏರಿಳಿದರೂ ನೀರು 100 ಡಿಗ್ರಿ ದಾಟುವುದಿಲ್ಲ. ಹಾಗಾಗಿ ಕ್ಯಾರಮೆಲ್ ಪುಡ್ಡಿಂಗ್, ಚೀಸ್ ಕೇಕ್, ಬೇಕ್ಡ್ ಯೋಗರ್ಟ್ ಮೂರೂ ಇದರಲ್ಲಿ ನಯವಾಗಿ ಬರುತ್ತವೆ, ಗಿಣ್ಣು ಹಾಲು ಸಿಕ್ಕಾಗ ಗಿಣ್ಣೂ ಅಷ್ಟೇ. ಬೇಕ್ಡ್ ಯೋಗರ್ಟ್ ಅತಿ ಸುಲಭ: ಒಂದು ಲೀಟರ್ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನಲ್ಲಿ ಐದಾರು ಗಂಟೆ ನೀರಿಳಿಸಿದರೆ ಸುಮಾರು 400 ಗ್ರಾಂ ಸಿಗುತ್ತದೆ. ಅದಕ್ಕೆ 400 ಗ್ರಾಂ ಕಂಡೆನ್ಸ್ಡ್ ಮಿಲ್ಕ್, 200 ಮಿಲಿ ಫ್ರೆಶ್ ಕ್ರೀಮ್. ನೊರೆ ಬರದಂತೆ ಕಲಸಿ, ಸಣ್ಣ ಬಟ್ಟಲುಗಳಿಗೆ ಹುಯ್ದು, ಬಟ್ಟಲಿನ ಅರ್ಧ ಎತ್ತರಕ್ಕೆ ಬಿಸಿನೀರಿರುವ ತಟ್ಟೆಯಲ್ಲಿಟ್ಟು 150 ಡಿಗ್ರಿಯಲ್ಲಿ 28–30 ನಿಮಿಷ. ಅಲ್ಲಾಡಿಸಿದಾಗ ನಡುವೆ ತುಸು ನಡುಗುತ್ತಿರಬೇಕು, ಫ್ರಿಜ್ಜಿನಲ್ಲಿ ನಾಲ್ಕು ಗಂಟೆಯಲ್ಲಿ ಗಟ್ಟಿಯಾಗುತ್ತದೆ. ಓವನ್ನಿನಲ್ಲೇ ಗಟ್ಟಿಯಾಗುವ ತನಕ ಬಿಟ್ಟರೆ ಆಮೇಲೆ ನೀರು ಬಿಡುತ್ತದೆ. ಮೊಸರು ಹುಳಿ ಬಂದಿದ್ದರೆ ಈ ಕೆಲಸಕ್ಕೆ ಬೇಡ.

ಕೈಕೊಡುವ ಕಡೆಯೂ ಇದೆ. ಎರಡು ಖಾನೆಯಲ್ಲಿ ಎರಡು ತಟ್ಟೆ ಇಟ್ಟರೆ ಒಂದು ಸೀಯುತ್ತದೆ, ಇನ್ನೊಂದು ಹಸಿ ಉಳಿಯುತ್ತದೆ. ಟಿನ್ನಿನ ಸುತ್ತ ಎರಡೂವರೆ ಸೆಂಟಿಮೀಟರಾದರೂ ಜಾಗ ಬೇಕಾಗಿರುವುದರಿಂದ 9 ಇಂಚೇ ಗಡಿ. ಮಂಗಳೂರು ಕಡೆ ಕುಸ್ವಾರಿಗೆ, ಅಂದರೆ ಕ್ರಿಸ್ಮಸ್ ತಿಂಡಿಗಳ ಸಾಲಿಗೆ, ಮಾಡುವ ಪ್ಲಮ್ ಕೇಕ್ 150 ಡಿಗ್ರಿಯಲ್ಲಿ ಒಂದೂಮುಕ್ಕಾಲು ಗಂಟೆ ಬೇಯಬೇಕು. ಟೈಮರ್ 60 ನಿಮಿಷಕ್ಕೇ ಆರಿಸಿಬಿಡುವುದರಿಂದ 55ನೇ ನಿಮಿಷಕ್ಕೆ ಮತ್ತೆ ತಿರುಗಿಸಲೇಬೇಕು. ಕೊಳ್ಳುವಾಗ ಟೈಮರಿನಲ್ಲಿ ಆರದೆ ಉಳಿಯುವ ‘ಸ್ಟೇ ಆನ್’ ಗುರುತು ಇದೆಯೇ ನೋಡಿ. ಮಂಗಳೂರಿನ ರವೆ-ತೆಂಗಿನಕಾಯಿ ಬಾತ್ ಕೇಕ್ ಮಾತ್ರ ಇದರಲ್ಲಿ ಬಹಳ ಚೆನ್ನ. ಮೇಲೂ ಕೆಳಗೂ ಕೆಂಡ ಇಟ್ಟು ಬೇಯಿಸುತ್ತಿದ್ದ ಸಿಹಿ ಅದು, ಎರಡೂ ರಾಡಿನ ಕಾವು ಅದಕ್ಕೆ ಹೊಂದುತ್ತದೆ.

ಮೇಲಿನ ಅಲಂಕಾರಕ್ಕೂ ಓವನ್ನಿಗೂ ಸಂಬಂಧವಿಲ್ಲ, ಆದರೆ ಕೇಕ್ ಹಾಳಾಗುವುದು ಅಲ್ಲೂ ಇದೆ. 25 ಪರ್ಸೆಂಟ್ ಕೊಬ್ಬಿನ ಫ್ರೆಶ್ ಕ್ರೀಮ್ ಎಷ್ಟು ಕಡೆದರೂ ನಿಲ್ಲುವುದಿಲ್ಲ. 35ರ ಮೇಲಿನದ್ದೇ ಬೇಕು, ಅದೂ ಪಾತ್ರೆ, ಬೀಟರಿನ ಕಡ್ಡಿ ಎಲ್ಲ ತಣ್ಣಗಿರಬೇಕು. ಫ್ರೆಶ್ ಕ್ರೀಮ್ ಗನಾಶ್‌ಗೆ (ಚಾಕೊಲೇಟ್-ಕ್ರೀಮ್ ಲೇಪಕ್ಕೆ) ಸರಿ, ಆದರೆ ನೀರಿನಂಶ ಹೆಚ್ಚಾದ್ದರಿಂದ 200 ಗ್ರಾಂ ಚಾಕೊಲೇಟಿಗೆ 120–130 ಗ್ರಾಂ ಸಾಕು. ಕಲಬುರಗಿ, ರಾಯಚೂರಿನ ಏಪ್ರಿಲ್ಲಿನಲ್ಲಿ ಬೆಣ್ಣೆ-ಸಕ್ಕರೆ ಕಡೆಯುವಾಗ ಬೆಣ್ಣೆ ಎಣ್ಣೆಯಾಗುತ್ತದೆ, ಪಾತ್ರೆಯನ್ನು ಐಸ್ ನೀರಿನಲ್ಲಿಟ್ಟು ಕಡೆಯಿರಿ. ಬಡಿಸುವಾಗ ಬೆಣ್ಣೆ ಕೇಕನ್ನು ಮುಕ್ಕಾಲು ಗಂಟೆ ಮೊದಲೇ ಫ್ರಿಜ್ಜಿನಿಂದ ತೆಗೆಯಬೇಕು, ಕ್ರೀಮ್ ಕೇಕನ್ನು ಕತ್ತರಿಸುವ ಹೊತ್ತಿಗೇ. ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಪ್ರತಿ ತುಂಡಿಗೂ ಹೀಗೇ ಮಾಡಿದರೆ ಪದರಗಳು ಸ್ವಚ್ಛವಾಗಿ ಕಾಣುತ್ತವೆ.

ಸವೆತದ ಲೆಕ್ಕ: ಎರಡನೇ ವರ್ಷ ಬಾಗಿಲಿನ ಸ್ಪ್ರಿಂಗ್ ಸಡಿಲಾಯಿತು, ಮೇಲಂಚಿನಲ್ಲಿ ಸಣ್ಣ ಸಂದಿ ಬಿಟ್ಟು ಕೇಕಿನ ಮುಂಭಾಗ ಬಿಳಿಚಿಕೊಳ್ಳತೊಡಗಿತು. ಕಾಗದದ ಚೀಟಿಯನ್ನು ಬಾಗಿಲಿನಲ್ಲಿ ಸಿಕ್ಕಿಸಿ ಎಳೆದರೆ ಸಲೀಸಾಗಿ ಬರಬಾರದು, ಬಂದರೆ ಸ್ಪ್ರಿಂಗ್ ಬದಲಿಸಿ. ಮೂರನೇ ವರ್ಷ ಕೆಳಗಿನ ಒಂದು ರಾಡ್ ಹೋಯಿತು. ಇದು ತಕ್ಷಣ ಗೊತ್ತಾಗುವುದಿಲ್ಲ, ಒಂದು ಬದಿಯ ತಳ ಮಾತ್ರ ಬೆಳ್ಳಗೆ ಉಳಿಯತೊಡಗಿದರೆ ದೀಪ ಆರಿಸಿ ಗಾಜಿನಿಂದ ನೋಡಿ, ಎರಡೂ ರಾಡ್ ಕೆಂಪಾಗಬೇಕು. ಹೊಸ ರಾಡ್ ಕೊಳ್ಳುವಾಗ ಉದ್ದದ ಜೊತೆ ವಾಟೂ ಹಳೆಯದಕ್ಕೆ ಹೊಂದಬೇಕು. ಜಿಡ್ಡಿಗೆ ಅಡುಗೆ ಸೋಡಾ-ನೀರಿನ ಲೇಪ ರಾತ್ರಿ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ರಾಡಿಗೆ ಅದು ತಾಗಬಾರದು. ಸ್ಟೀಲ್ ಉಜ್ಜು ಹಾಕಿದರೆ ಒಳಗೋಡೆಯ ಲೇಪ ಹೋಗುತ್ತದೆ.

ನಾಲ್ಕೈದು ಜನರ ಮನೆಗೆ, ಒಂದು ಸಲಕ್ಕೆ ಒಂದು ಕೇಕ್ ಮಾಡುವವರಿಗೆ 28 ಲೀಟರ್ ಸರಿಯಾದ ಅಳತೆ. 16–19 ಲೀಟರಿನವುಗಳಲ್ಲಿ ಮೇಲಿನ ರಾಡ್ ಕೇಕಿನ ತಲೆಗೇ ಬರುತ್ತದೆ, ಕೇಕ್‌ಗಾಗಿ ಅವನ್ನು ಕೊಳ್ಳಬೇಡಿ. ಆರ್ಡರ್ ತೆಗೆದುಕೊಂಡು ಒಂದು ಕಿಲೋ, ಎರಡು ಕಿಲೋ ಕೇಕ್ ಮಾರುವ ಯೋಚನೆ ಇದ್ದರೆ ನೇರ 45 ಲೀಟರ್ ಮೇಲಿನದ್ದಕ್ಕೇ ಹೋಗಿ, ಥರ್ಮಾಮೀಟರನ್ನು ಅದರ ಜೊತೆಗೇ ತನ್ನಿ.