ಸ್ಮಿಯರ್, ಫ್ರೋಜನ್, ಲೇಸರ್: ಮೆದುಳಿನ ಗಡ್ಡೆಗೆ ಯಾವುದು?

ಮಂಗಳೂರಿನಲ್ಲಿ ಪೆಥಾಲಜಿ ಮಾಡುವ ನಮಗೆ ಮೆದುಳಿನ ಆಪರೇಷನ್ ನಡೆಯುವ ನ್ಯೂರೋ ಓಟಿಯಿಂದ ಗಡ್ಡೆಯ ತುಣುಕಿನ ಡಬ್ಬಿ ಬಂತು ಅಂದರೆ ಗಡಿಯಾರದ ಜೊತೆ ಜಗಳ. ಗ್ಲಯೋಮಾ (ಮೆದುಳಿನದೇ ಆಧಾರ ಕೋಶಗಳ ಗಡ್ಡೆ) ಆದರೆ ಸರ್ಜನ್ ಆದಷ್ಟು ಜಾಸ್ತಿ ತೆಗೆಯಬೇಕು. ಲಿಂಫೋಮಾ (ಬಿಳಿ ರಕ್ತಕಣಗಳ ಕ್ಯಾನ್ಸರ್) ಆದರೆ ಬಯಾಪ್ಸಿ ಸಾಕು, ಮುಂದಿನದು ಕೀಮೋ. ನಾವು ಹೇಳುವವರೆಗೆ ಅವರು ಕಾಯುತ್ತಾರೆ.

ನಮ್ಮಲ್ಲಿರುವ ದಾರಿ ಎರಡು: ತುಣುಕನ್ನು ಗಾಜಿನ ಮೇಲೆ ಒತ್ತಿ ಹರಡುವ ಸ್ಮಿಯರ್ ಮತ್ತು ಹೆಪ್ಪುಗಟ್ಟಿಸಿ ತೆಳ್ಳಗೆ ಕತ್ತರಿಸುವ ಫ್ರೋಜನ್. ಮೂರನೆಯದು ಬಣ್ಣವೇ ಹಾಕದೆ ಲೇಸರ್‌ನಲ್ಲಿ ನೋಡುವ ಸ್ಟಿಮ್ಯುಲೇಟೆಡ್ ರಾಮನ್ ಹಿಸ್ಟಾಲಜಿ. ಆ ಯಂತ್ರ ನಮ್ಮ ಲ್ಯಾಬಿನಲ್ಲಿಲ್ಲ. ಆದರೆ ಮಿಷಿಗನ್ ವಿಶ್ವವಿದ್ಯಾಲಯದವರು 2022ರಲ್ಲಿ ‘ಓಪನ್‌ಎಸ್‌ಆರ್‌ಎಚ್’ ಹೆಸರಿನಲ್ಲಿ 300ಕ್ಕೂ ಹೆಚ್ಚು ರೋಗಿಗಳ ಚಿತ್ರಗಳನ್ನು ಹೊರಗೆ ಬಿಟ್ಟರು. ಉತ್ತರ ಮುಚ್ಚಿಟ್ಟು, ನಿತ್ಯದ ಸ್ಲೈಡ್ ಓದುವ ಹಾಗೆಯೇ ಅವನ್ನು ಓದುತ್ತಾ ಹೋದೆ.

ಫ್ರೋಜನ್ ಬಗ್ಗೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೇ. ತುಣುಕನ್ನು ಮೈನಸ್ 20 ಡಿಗ್ರಿ ಆಸುಪಾಸಿನಲ್ಲಿ ಗಟ್ಟಿ ಮಾಡಿ, ಕತ್ತರಿಸಿ, ಬಣ್ಣ ಹಾಕುವಷ್ಟರಲ್ಲಿ ಇಪ್ಪತ್ತು ಮೂವತ್ತು ನಿಮಿಷ ಹೋಗುತ್ತದೆ. ಮೆದುಳಿನಲ್ಲಿ ನೀರು ಜಾಸ್ತಿ, ಅಲ್ವಾ? ಅದು ಹೆಪ್ಪುಗಟ್ಟಿದಾಗ ಸೆಕ್ಷನ್ ನೀರು ದೋಸೆಯ ಹಾಗೆ ತೂತು ತೂತು. ನ್ಯೂಕ್ಲಿಯಸ್‌ಗಳು ಮೂಲೆ ಮೂಲೆಯಾಗಿ ಸೊಟ್ಟಗಾಗುತ್ತವೆ. ಆಲಿಗೋಡೆಂಡ್ರೋಗ್ಲಯೋಮಾ ಎಂಬ ಒಂದು ಬಗೆಯ ಗ್ಲಯೋಮಾದ ದುಂಡನೆಯ ನ್ಯೂಕ್ಲಿಯಸ್ಸು ಇನ್ನೊಂದು ಬಗೆಯಾದ ಆಸ್ಟ್ರೋಸೈಟೋಮಾದ ವೇಷ ಹಾಕುತ್ತದೆ. ಜುಲೈ ಮಳೆಯಲ್ಲಿ ಈ ಕತ್ತರಿಸುವ ಯಂತ್ರದ, ಅಂದರೆ ಕ್ರಯೋಸ್ಟಾಟ್‌ನ, ಮುಚ್ಚಳ ತೆಗೆದರೆ ಒಳಗೆಲ್ಲ ಹಿಮ. ಫ್ರೋಜನ್‌ನ ಗುಣ ಇಷ್ಟೇ: ಅಂಗಾಂಶದ ಒಟ್ಟು ರಚನೆ ಹಾಗೇ ಕಾಣುತ್ತದೆ, ಗಟ್ಟಿ ಗಡ್ಡೆಯಾದರೂ ಕತ್ತರಿಸಬಹುದು.

ಸ್ಮಿಯರ್ ನನ್ನ ಪ್ರೀತಿಯದು. ನರಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಮತ್ತು ಅವರ ಪೆಥಾಲಜಿಸ್ಟ್ ಲೂಯಿಸ್ ಐಸನ್‌ಹಾರ್ಟ್ 1930ರಲ್ಲೇ ತಾಜಾ ಮೆದುಳು ಗಡ್ಡೆಯನ್ನು ಹೀಗೆ ಒತ್ತಿ ನೋಡುವುದನ್ನು ಬರೆದಿದ್ದರು. ಚಿಟಿಕೆಯಷ್ಟು ತುಣುಕು, ಎರಡು ಗಾಜು, ಆಲ್ಕೊಹಾಲ್, ಬಣ್ಣ. ಕೆಲವೇ ನಿಮಿಷದಲ್ಲಿ ಗ್ಲಯೋಮಾದ ಎಳೆಎಳೆಯಾದ ಬಲೆ, ಮೆನಿಂಜಿಯೋಮಾದ (ಮೆದುಳಿನ ಹೊದಿಕೆಯ ಗಡ್ಡೆ) ಸುರುಳಿ, ಲಿಂಫೋಮಾದ ಒಂಟಿ ಒಂಟಿ ಕೋಶ ಎಲ್ಲ ಎದುರಿಗೆ. ನರದ ಕವಚದಲ್ಲಿ ಹುಟ್ಟುವ ಶ್ವಾನೋಮಾ ಮಾತ್ರ ಹಟಮಾರಿ, ಎಷ್ಟು ಒತ್ತಿದರೂ ಹರಡುವುದಿಲ್ಲ. ಆ ಹಟವೂ ಒಂದು ಸುಳಿವೇ.

ಬಣ್ಣ ಹಾಕದ ಸ್ಮಿಯರನ್ನು ಕಂಡೆನ್ಸರ್ ಇಳಿಸಿ ಸುಮ್ನೆ ನೋಡಿದ್ದೂ ಇದೆ. ಕೋಶದ ಅಂಚು ಕಾಣುತ್ತದೆ, ಒಳಗಿನ ಸುದ್ದಿ ಏನೂ ಇಲ್ಲ.

ಲೇಸರ್ ಗೆಲ್ಲುವುದು ಇಲ್ಲೇ. ಎರಡು ಲೇಸರ್‌ಗಳ ಆವರ್ತನದ ಅಂತರವನ್ನು ಅಣುಗಳ ಕಂಪನಕ್ಕೆ ಸರಿಹೊಂದಿಸುತ್ತಾರೆ. 2845 ತರಂಗಸಂಖ್ಯೆಯಲ್ಲಿ ಕೊಬ್ಬು ಎದ್ದು ಕಾಣುತ್ತದೆ, 2930ರಲ್ಲಿ ಪ್ರೋಟೀನು ಕೂಡ ಸೇರಿಕೊಳ್ಳುತ್ತದೆ. ಎರಡನ್ನೂ ಹೋಲಿಸಿ ಕಂಪ್ಯೂಟರ್ ನಮಗೆ ಅಭ್ಯಾಸವಿರುವ ಗುಲಾಬಿ-ನೇರಳೆ ಹಚ್ಚುತ್ತದೆ. 1928ರಲ್ಲಿ ರಾಮನ್ ಕೋಲ್ಕತ್ತದಲ್ಲಿ ಕಂಡ ಬೆಳಕೇ ಇದು. ಆದರೆ ಆ ಬೆಳಕು ತೀರಾ ಕ್ಷೀಣ, ಚಿತ್ರ ಮೂಡಲು ಬಹಳ ಹೊತ್ತು ಬೇಕು. 2008ರಲ್ಲಿ ಹಾರ್ವರ್ಡ್‌ನ ಸನ್ನಿ ಶೀ ತಂಡ ಅದನ್ನು ಉತ್ತೇಜಿಸಿ ಸೂಕ್ಷ್ಮದರ್ಶಕಕ್ಕೆ ತಂದಿತು.

ಆ ಚಿತ್ರಗಳನ್ನು ಓದುವಾಗ ಮೊದಲು ಖುಷಿ ಕೊಟ್ಟದ್ದು ನರತಂತುಗಳ ಕೊಬ್ಬಿನ ಹೊದಿಕೆಯಾದ ಮಯಲಿನ್. ಆಕ್ಸಾನುಗಳು, ಅಂದರೆ ಆ ತಂತುಗಳು, ಗೆರೆ ಎಳೆದ ಹಾಗೆ ಸ್ಪಷ್ಟ, ಅವುಗಳ ನಡುವೆ ನುಸುಳುವ ಗಡ್ಡೆಯ ಕೋಶಗಳೂ ಕಾಣುತ್ತವೆ. ಫ್ರೋಜನ್‌ನಲ್ಲಿ ಇದು ಕನಸು. ಹಿಮದ ತೂತಿಲ್ಲ, ರಚನೆ ಉಳಿದಿದೆ. ಆದರೆ ನ್ಯೂಕ್ಲಿಯಸ್ಸಿನ ಒಳಗೆ ಹೋದರೆ ಸಪ್ಪೆ. ಕ್ರೊಮಾಟಿನ್‌ನ (ಡಿಎನ್‌ಎ ಇರುವ ವಸ್ತು) ಹರಳು, ಮೈಟೋಸಿಸ್ (ಕೋಶ ವಿಭಜನೆ) ಹುಡುಕಿ ಕಣ್ಣು ಸೋತಿತು. ಒಳ್ಳೆಯ ಸ್ಮಿಯರ್ ಎದುರು ಇದು ನಿಲ್ಲುವುದಿಲ್ಲ.

ಅಂಕಿಅಂಶ ಕಡಿಮೆಯೇನಲ್ಲ. 2020ರಲ್ಲಿ ಹೊಲನ್ ಮತ್ತು ಆರಿಂಜರ್ ತಂಡ 278 ರೋಗಿಗಳಲ್ಲಿ ಪರೀಕ್ಷಿಸಿತು. ಲೇಸರ್ ಚಿತ್ರವನ್ನು ಕಂಪ್ಯೂಟರ್ ಓದಿದಾಗ ನಿಖರತೆ 94.6%, ಮಾಮೂಲಿ ಸ್ಲೈಡನ್ನು ಪೆಥಾಲಜಿಸ್ಟ್ ಓದಿದಾಗ 93.9%. ಸಮಯ 150 ಸೆಕೆಂಡಿನೊಳಗೆ. 2023ರ ಡೀಪ್‌ಗ್ಲಯೋಮಾ ಎಂಬ ಕಂಪ್ಯೂಟರ್ ಕಾರ್ಯಕ್ರಮ ಇನ್ನೂ ಮುಂದೆ ಹೋಗಿ ಗ್ಲಯೋಮಾದ ಬಗೆ ಗುರುತಿಸಲು ಬೇಕಾದ ಐಡಿಎಚ್, 1ಪಿ/19ಕ್ಯು ಎಂಬ ಆನುವಂಶಿಕ ಬದಲಾವಣೆಗಳನ್ನೂ ಊಹಿಸುತ್ತದೆ. ಎಂತ ಮಾರಾಯ್ರೆ, ನನ್ನ ಕಣ್ಣಿಗೆ ಬೀಳದ್ದು ಅದಕ್ಕೆ ಹೇಗೆ ಕಾಣುತ್ತದೆ? ಸ್ಮಿಯರ್ ಆಗಲಿ, ಫ್ರೋಜನ್ ಆಗಲಿ, ಈ ಬದಲಾವಣೆಗಳ ಬಗ್ಗೆ ಉತ್ತರ ಕೊಡುವುದಿಲ್ಲ.

ನನ್ನ ತಕರಾರು ಬೇರೆ. ಆ ಓಪನ್‌ಎಸ್‌ಆರ್‌ಎಚ್ ಸಂಗ್ರಹದಲ್ಲಿ ಗ್ಲಯೋಮಾ, ಮೆನಿಂಜಿಯೋಮಾ, ಪಿಟ್ಯುಟರಿ ಗ್ರಂಥಿಯ ಗಡ್ಡೆ, ಶ್ವಾನೋಮಾ, ಬೇರೆ ಅಂಗದಿಂದ ಹರಡಿದ ಮೆಟಾಸ್ಟಾಸಿಸ್ ಇವೆ, ಗಡ್ಡೆಯಿಲ್ಲದ ಮೆದುಳೂ ಇದೆ. ಟ್ಯೂಬರ್ಕ್ಯುಲೋಮಾ, ಅಂದರೆ ಕ್ಷಯದ ಗಂಟು, ಇಲ್ಲ. ನಮ್ಮಲ್ಲಿ ಸ್ಕ್ಯಾನಿನಲ್ಲಿ ಉಂಗುರದ ಹಾಗೆ ಕಂಡದ್ದು ಕ್ಷಯವೂ ಆಗಬಹುದು. ಅಂಥದ್ದನ್ನು ನೋಡಿಯೇ ಇರದ ಕಂಪ್ಯೂಟರ್ ತನಗೆ ಗೊತ್ತಿರುವ ಯಾವುದೋ ಒಂದು ಹೆಸರನ್ನು ಅಂಟಿಸಿದರೆ? ಸ್ಮಿಯರ್‌ನಲ್ಲಿ ಕ್ಷಯದ ಸುಳಿವಾದ ಎಪಿಥೀಲಿಯಾಯ್ಡ್ ಕೋಶಗಳ ಗುಂಪು ಸಿಕ್ಕರೆ ನಾವು ಕೂಡಲೇ ಫೋನ್ ಎತ್ತುತ್ತೇವೆ.

ಹಾಗಾಗಿ ನನ್ನ ಲೆಕ್ಕ ಇದು. ಮೆದುಳಿನ ಮಟ್ಟಿಗೆ ಲೇಸರ್ ಕೂರಬೇಕಾದದ್ದು ಫ್ರೋಜನ್ ಜಾಗದಲ್ಲಿ, ಸ್ಮಿಯರ್ ಜಾಗದಲ್ಲಲ್ಲ. ಲೇಸರ್‌ಗೆ ಇಟ್ಟ ತುಣುಕು ಹಾಳಾಗುವುದಿಲ್ಲ, ಅದನ್ನೇ ಮುಂದಿನ ಮಾಮೂಲಿ ಪರೀಕ್ಷೆಗೆ ಪ್ಯಾರಫಿನ್ ಮೇಣಕ್ಕೆ ಹಾಕಬಹುದು. ಸೂಜಿಯಲ್ಲಿ ತೆಗೆದ ಎಳೆಯಷ್ಟು ಬಯಾಪ್ಸಿಗೆ ಅದೇ ದೊಡ್ಡ ಲಾಭ. ಯಂತ್ರ ಮಾರುವವರು ಯಾವತ್ತಾದರೂ ಡೆಮೊಗೆ ಬಂದರೆ ಮೊದಲು ಟ್ಯೂಬರ್ಕ್ಯುಲೋಮಾ ಕೊಡುತ್ತೇನೆ, ಆಮೇಲೆ ಬೆಲೆ ಕೇಳುತ್ತೇನೆ.